ನಲವತ್ತು ದಿನದ ಕೋಳಿ ಮತ್ತು ಗೋವಿನಜೋಳದ ಲೆಕ್ಕ

ಚಿಕ್ಕೋಡಿ: ಫಾರಂ ಕೋಳಿಗೆ ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆಂಬ ಮಾತು ನಿಪ್ಪಾಣಿಯ ಸಂತೆಯಿಂದ ಬೆಂಗಳೂರಿನ ಊಟದ ಮೇಜಿನವರೆಗೂ ಹರಿದಾಡುತ್ತಲೇ ಇದೆ. ಸಾವಿರಾರು ಹಕ್ಕಿಗಳನ್ನು ಹಿಡಿದು ಸೂಜಿ ಚುಚ್ಚುವ ಕೂಲಿಯೇ ಕೋಳಿಯ ಬೆಲೆಯನ್ನು ಮೀರೀತೆಂಬುದನ್ನು ಯಾರೂ ಯೋಚಿಸುವುದಿಲ್ಲ! ಬೆಳವಣಿಗೆಯ ಗುಟ್ಟಿರುವುದು ತಳಿಯಲ್ಲಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ನೀಡಿ ಸಾಕಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 56ನೇ ದಿನ ಹಳೆಯ ತಳಿ 905 ಗ್ರಾಂ, ಹೊಸತು 4,202 ಗ್ರಾಂ ತೂಗಿತು.

ಇಂತಹ ತಳಿಗೆ ಮೇವೂ ಅಂತಹುದೇ ಬೇಕು. ಮೊದಲ ವಾರಗಳಲ್ಲಿ ಶೇ 22ರಷ್ಟು ಪ್ರೋಟೀನ್ ಇರುವ ಆಹಾರ, ಅನಂತರ ಶೇ 19ರಷ್ಟಿನದು. ಅರ್ಧಕ್ಕೂ ಹೆಚ್ಚು ಭಾಗ ಗೋವಿನಜೋಳ, ಮೇಲೆ ಸೋಯಾ ಹಿಂಡಿ, ಚೂರು ಲೈಸಿನ್, ಮಿಥಿಯೋನಿನ್. ಸುಮಾರು ನಲವತ್ತು ದಿನಗಳಲ್ಲಿ ಎರಡು ಕಿಲೋ ತೂಗುವ ಕೋಳಿಯ ಸಾಕಣೆ ವೆಚ್ಚದಲ್ಲಿ ಮೂರನೇ ಎರಡು ಪಾಲು ಈ ಆಹಾರದ್ದೇ. ಆದ್ದರಿಂದಲೇ ಗೋವಿನಜೋಳದ ದರ ಅಲುಗಿದರೆ ಶೆಡ್ಡೂ ಅಲುಗುತ್ತದೆ.

ಇಲ್ಲಿಯೇ ಕಬ್ಬಿನ ನಾಡಾದ ರಾಯಬಾಗ, ಅಥಣಿ, ಕಾಗವಾಡಗಳ ಕತೆ ಸೇರಿಕೊಳ್ಳುತ್ತದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರವು ಕಬ್ಬಿನ ರಸದಿಂದ ಎಥೆನಾಲ್ ತಯಾರಿಕೆಗೆ ಕಡಿವಾಣ ಹಾಕಿತು. ಡಿಸ್ಟಿಲರಿಗಳು ಗೋವಿನಜೋಳದತ್ತ ಹೊರಳಿದವು. ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಆಮದಿಗೆ ಕೈಚಾಚಿತು. ಮರುವರ್ಷ ಚಿತ್ರ ತಿರುಗಿತು: ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇದ್ದರೂ ರಾಜ್ಯದ ಮಾರುಕಟ್ಟೆಯಲ್ಲಿ ದರ ಎರಡು ಸಾವಿರಕ್ಕಿಂತ ಕೆಳಗಿಳಿದು ರೈತರು ಬೀದಿಗಿಳಿದರು. ಜೋಳ ಬೆಳೆದವನಿಗೆ ನಷ್ಟವಾದ ವರ್ಷ ಕೋಳಿ ಸಾಕಿದವನಿಗೆ ಲಾಭವಾಗಬೇಕಿತ್ತಲ್ಲವೇ? ಗುತ್ತಿಗೆ ಸಾಕಣೆಯಲ್ಲಿ ಹಾಗಾಗದು. ಮರಿ, ಆಹಾರ, ಔಷಧ ಕಂಪನಿಯವು. ಶೆಡ್, ನೀರು, ವಿದ್ಯುತ್, ದುಡಿಮೆ ರೈತನವು. ಅವನಿಗೆ ಸಿಗುವುದು ಕಿಲೋ ಲೆಕ್ಕದ ಸಾಕಣೆ ಕೂಲಿ. ಕೋಳಿ ತಿಂದಷ್ಟು ತೂಗದಿದ್ದರೆ ಅದರಲ್ಲೂ ಕಡಿತ.

ತೂಗದಿರಲು ಕಾರಣಗಳು ಹಲವು. ಸರಿಯಾಗಿ ಒಣಗದ ಜೋಳದಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಕ್ಕಿಯ ಯಕೃತ್ತು ಕೆಡುತ್ತದೆ. ಅಥಣಿಯ ಬೇಸಿಗೆಯಲ್ಲಿ ಕೋಳಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಕಾದ ಹಕ್ಕಿಯ ಮಾಂಸ ಬಿಳಿಚಿ ನೀರು ಬಿಡುತ್ತದೆ. ಅತಿವೇಗದ ಬೆಳವಣಿಗೆಗೂ ದಂಡವಿದೆ. ತೂಕದ ಕೋಳಿಗಳ ಎದೆಮಾಂಸದಲ್ಲಿ ಬಿಳಿ ಗೆರೆ, ಕೊರಡಿನಂತಹ ಗಡಸು ಕಾಣಿಸಿಕೊಳ್ಳುತ್ತದೆ. ಕೊಬ್ಬು ಏರಿ ಪ್ರೋಟೀನ್ ತಗ್ಗುತ್ತದೆ. ಜವಾರಿ ಕೋಳಿಯ ರುಚಿಯನ್ನು ನೆನೆಯುವವರ ದೂರು ಪೂರ್ತಿ ಸುಳ್ಳಲ್ಲ.

ಗ್ರಾಹಕರು ನಿಜಕ್ಕೂ ಕೇಳಬೇಕಾದದ್ದು ಆಂಟಿಬಯೋಟಿಕ್ ಕುರಿತು. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧವನ್ನು ಕೋಳಿ ಸಾಕಣೆಯಲ್ಲಿ ಬಳಸದಂತೆ ಕೇಂದ್ರ ನಿಷೇಧಿಸಿದ್ದು 2019ರ ಜುಲೈನಲ್ಲಿ. ಆದರೆ ಹಳ್ಳಿಯ ಶೆಡ್ಡಿನಲ್ಲಿ ಆಹಾರದ ಚೀಲದೊಳಗೆ ಏನಿದೆಯೆಂದು ಗುತ್ತಿಗೆ ರೈತ ಪರೀಕ್ಷಿಸುವುದೆಲ್ಲಿ?

ಸುಳ್ಳು ಸುದ್ದಿಯ ಬೆಲೆ ಏನೆಂದು ಈ ಜಿಲ್ಲೆ ಕಂಡಿದೆ. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ವದಂತಿಗೆ ದರ ನೆಲಕಚ್ಚಿದಾಗ, 2020ರ ಮಾರ್ಚ್‌ನಲ್ಲಿ ನೆರೆಯ ಗೋಕಾಕ ತಾಲ್ಲೂಕಿನ ಲೋಳಸೂರಿನಲ್ಲಿ ರೈತರೊಬ್ಬರು ಸುಮಾರು ಆರು ಸಾವಿರ ಕೋಳಿಗಳನ್ನು ಜೀವಂತ ಹೂತರು.