ಜೀರ್ಣೋದ್ಧಾರವೋ, ಜೀರ್ಣಸಂಹಾರವೋ?

ಅಟ್ಟದ ಮೇಲೆ ಧೂಳುಂಡು ಮಲಗಿದ್ದ ಅಜ್ಜನ ಮ್ಯಾಂಡೊಲಿನ್ನನ್ನು ಕೆಳಗಿಳಿಸಿ, ಅದನ್ನು ಮರಳಿ ನುಡಿಸಬೇಕೆಂದು ಮೊಮ್ಮಗನು ಮನಸ್ಸು ಮಾಡುವುದು ಸ್ತುತ್ಯವೇ ಸರಿ. ಆದರೆ ಆ ಶುಭಕಾರ್ಯದ ಮೊದಲ ಹೆಜ್ಜೆಯೆಂದು ವಾದ್ಯದ ತಲೆಗೇ ಬೈರಿಗೆ ಹಾಕಿಸುವುದು ಯಾವ ನ್ಯಾಯ?

ಕೇಣಿ, ಅಂಕೋಲೆ, ಕಾರವಾರಗಳ ಕಡಲಂಚಿನಲ್ಲಿ ವಾದ್ಯದ ಮರಕ್ಕಿಂತ ಮೊದಲು ಕೆಡುವುದು ಲೋಹ. ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಕಿಲುಬುಗಟ್ಟುತ್ತದೆ. ಹಳೆಯ ಸೆಲ್ಯುಲಾಯ್ಡ್ ಗುಂಡಿಗಳಂತೂ ತಾವು ಪುಡಿಯಾಗುವುದಲ್ಲದೆ, ತಮ್ಮಿಂದ ಹೊರಡುವ ಆವಿಯಿಂದ ನೆರೆಯ ಲೋಹವನ್ನೂ ತಿನ್ನುತ್ತವೆ. ಹೀಗಾಗಿ ತಂತಿ ಬಿಗಿಯುವ ಯಂತ್ರವು ಬಿಗಿದುಕೊಂಡರೆ, ಅದನ್ನು ಕಿತ್ತೆಸೆದು ಅಂಗಡಿಯಲ್ಲಿ ಸಿಕ್ಕ ಅಗ್ಗದ ಜೋಡಿಯೊಂದನ್ನು ಕೂಡಿಸಿಬಿಡುವುದೇ ಇಂದಿನ ವಾಡಿಕೆ. ಅದು ಕೂಡದಿದ್ದರೆ? ತಲೆಯನ್ನೇ ಕೊರೆದರಾಯಿತು!

ಈ ಯಂತ್ರದ ರಚನೆಯನ್ನು ತುಸು ನೋಡಿದರೆ ಇದೆಂಥ ಅವಿವೇಕವೆಂಬುದು ತಿಳಿದೀತು. ಮ್ಯಾಂಡೊಲಿನ್ನಿಗೆ ನಾಲ್ಕು ಜೋಡಿಗಳಾಗಿ 8 ತಂತಿಗಳು. ತಲೆಯ ಎರಡು ಪಕ್ಕಗಳಲ್ಲಿ ನಾಲ್ಕು ನಾಲ್ಕು ಕಂಬಗಳುಳ್ಳ ಎರಡು ಪಟ್ಟಿಗಳು. ಗುಂಡಿಯನ್ನು ತಿರುವಿದರೆ ತಿರುಪು ತಿರುಗಿ ಹಲ್ಲುಚಕ್ರವನ್ನು ನಡೆಸುತ್ತದೆ, ಚಕ್ರವು ಕಂಬವನ್ನು ತಿರುಗಿಸುತ್ತದೆ. ತಿರುಪು ಚಕ್ರವನ್ನು ನಡೆಸಬಲ್ಲುದಲ್ಲದೆ ಚಕ್ರವು ತಿರುಪನ್ನು ನಡೆಸಲಾರದು. ತಂತಿಯು ಎಷ್ಟು ಸೆಳೆದರೂ ಶ್ರುತಿ ನಿಲ್ಲುವುದು ಇದರಿಂದಲೇ. ಈಗ ಸಾಮಾನ್ಯವಾಗಿ ದೊರೆಯುವ ಯಂತ್ರಗಳಲ್ಲಿ ಕಂಬದಿಂದ ಕಂಬಕ್ಕೆ ಸುಮಾರು 23 ಮಿಲಿಮೀಟರು ಅಂತರ. ಹಳೆಯ ವಾದ್ಯದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ನಾಲ್ಕನೆಯ ಕಂಬ ಬರುವಷ್ಟರಲ್ಲಿ ಅದು ಮೂರು ಪಟ್ಟಾಗಿ, ಕಂಬವು ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಅಂತರವೊಂದು ಹೊಂದಿದರೆ ಸಾಲದು. 1902ರಲ್ಲಿ ಸ್ಥಾಪಿತವಾದ ಅಮೆರಿಕೆಯ ಗಿಬ್ಸನ್ ಕಂಪನಿಯ ಆರಂಭಕಾಲದ ಮ್ಯಾಂಡೊಲಿನ್ನುಗಳಲ್ಲಿ ತಿರುಪು ಚಕ್ರಕ್ಕಿಂತ ಮೇಲೆ, ಅಂದರೆ ತಲೆಯ ತುದಿಯ ಕಡೆಗೆ ಇರುತ್ತಿತ್ತು. ಈಗಿನ ಸಾಧಾರಣ ಯಂತ್ರಗಳಲ್ಲಿ ಅದು ಕೆಳಗಿರುತ್ತದೆ. ಹೊಸದನ್ನು ಹಳೆಯದರ ಜಾಗದಲ್ಲಿ ಕೂಡಿಸಿದರೆ ಮೊಳೆಯ ತೂತುಗಳು ತಪ್ಪುತ್ತವೆ, ಗುಂಡಿಗಳ ಸ್ಥಾನವೂ ಕದಲುತ್ತದೆ. ಇಂಥ ಹಳೆಯ ವಾದ್ಯಗಳಿಗೆಂದೇ ಹಳೆಯ ಮಾದರಿಯ ಯಂತ್ರಗಳನ್ನು ಇಂದು ಮಾಡಿ ಮಾರುತ್ತಾರೆ. ವಿಚಾರಿಸುವ ತಾಳ್ಮೆ ಯಾರಿಗೆ?

"ವಾದ್ಯವಿರುವುದು ನುಡಿಸುವುದಕ್ಕೆ, ಕಪಾಟಿನಲ್ಲಿಟ್ಟು ಪೂಜಿಸುವುದಕ್ಕಲ್ಲ" ಎಂದು ಬೈರಿಗೆಯ ಪಕ್ಷದವರು ವಾದಿಸುವರು. ಮಾತು ನಿಜವೇ. ಚಕ್ರದ ಹಲ್ಲುಗಳು ಸವೆದುಹೋಗಿದ್ದರೆ ಯಂತ್ರವನ್ನು ಬದಲಿಸಲೇಬೇಕು. ಆದರೆ ಸವೆದಿದೆಯೆಂದು ನಿರ್ಣಯಿಸಿದವರಾರು? ಎಷ್ಟೋ ವೇಳೆ ಧೂಳನ್ನು ಒರೆಸಿ ಒಂದು ಹನಿ ಎಣ್ಣೆ ಬಿಟ್ಟು, ಚಕ್ರದ ಸಡಿಲ ಮೊಳೆಯನ್ನು ಬಿಗಿದರೆ ಯಂತ್ರವು ಮತ್ತೆ ನಡೆಯುತ್ತದೆ. ಇನ್ನೆಷ್ಟೋ ವೇಳೆ ದೋಷವು ಯಂತ್ರದ್ದೇ ಅಲ್ಲ. ತಲೆಯ ಬುಡದ ಪಟ್ಟಿಯ ಗೀರಿನಲ್ಲಿ ತಂತಿಯು ಹಿಡಿದು ನಿಂತಿರುತ್ತದೆ. ಅಲ್ಲಿ ಸೀಸದಕಡ್ಡಿಯ ಪುಡಿಯನ್ನು ತುಸು ಸವರಿದರೆ ಮುಗಿಯುವ ಕೆಲಸಕ್ಕೆ ಬೈರಿಗೆಯೇಕೆ?

ವೀಣೆಯ ಬಿರಡೆ ಜಾರಿದರೆ ಸೀಮೆಸುಣ್ಣ ಹಚ್ಚುತ್ತಾರೆ. ಸವೆದರೆ ಅದೇ ರಂಧ್ರಕ್ಕೆ ಹೊಂದುವಂತೆ ಬೇರೊಂದು ಬಿರಡೆಯನ್ನು ಕಡೆಯುತ್ತಾರೆ. ಹೊಸ ಬಿರಡೆಗಾಗಿ ಬೇರೆ ತೂತು ಕೊರೆಯುವ ಬಡಗಿಯ ಕೈಗೆ ಎರಡನೆಯ ವೀಣೆಯನ್ನು ಯಾರೂ ಕೊಡಲಾರರು. ಯು. ಶ್ರೀನಿವಾಸರು (1969–2014) ಕರ್ನಾಟಕ ಸಂಗೀತದ ವೇದಿಕೆಗೇರಿಸಿದ ಮ್ಯಾಂಡೊಲಿನ್ನಿಗೆ ಅಷ್ಟು ಮರ್ಯಾದೆಯೂ ಸಲ್ಲಬಾರದೇ?

ಬದಲಿಸಲೇಬೇಕಾದಲ್ಲಿ ಮೊದಲು ಅಳತೆ, ಆಮೇಲೆ ಖರೀದಿ. ಬಿಚ್ಚಿದ ಹಳೆಯ ಯಂತ್ರವು ಗುಜರಿಗೆ ಹೋಗದೆ, ಪುಡಿಯಾಗುವ ಗುಂಡಿಗಳನ್ನು ತೆಗೆದು ಎಣ್ಣೆ ಸವರಿಸಿಕೊಂಡು, ತನ್ನ ಮೊಳೆಗಳೊಡನೆ ಮನೆಯ ಪೆಟ್ಟಿಗೆಯಲ್ಲಿರಲಿ. ಮುಂದೆ ಬರುವ ಜಾಣ ಕುಶಲಕರ್ಮಿಗೆ ಅಳತೆ ಹಿಡಿಯಲು ಬೇಕಾಗುವುದು ಅದೇ.