ಸಾಸಿವೆ ಡಬ್ಬಿಯ ಪರವಾಗಿ

ಯಲಹಂಕದ ಹಳೇ ಊರಿನಲ್ಲಿ, ದೇವಸ್ಥಾನದ ಮುಂದೆ ಹೂವು ಮಾರುವ ಅಜ್ಜಿಯೊಬ್ಬಳಿದ್ದಾಳೆ. ಇಪ್ಪತ್ತು ವರ್ಷದಿಂದ ನಾನು ಅವಳ ಗಿರಾಕಿ. ಮೊದಲೆಲ್ಲ ದುಡ್ಡು ಕೊಟ್ಟರೆ ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದ ಸಂಚಿಯೊಳಗೆ ಇಳಿಬಿಡುತ್ತಿದ್ದಳು. ಈಗ ಅವಳ ಬುಟ್ಟಿಯ ಪಕ್ಕದಲ್ಲಿ ಕ್ಯೂಆರ್ ಕೋಡಿನ ಹಲಗೆ ನಿಂತಿದೆ. ಅದಕ್ಕೊಂದು ಮಾತಾಡುವ ಪೆಟ್ಟಿಗೆ ಬೇರೆ. ಮೊನ್ನೆ ಎರಡು ಮೊಳ ಮಲ್ಲಿಗೆ ತೆಗೆದುಕೊಂಡು ಫೋನಿನಲ್ಲೇ ಹಣ ಕಳಿಸಿದೆ. ಬಂದ ದುಡ್ಡೆಷ್ಟೆಂದು ಪೆಟ್ಟಿಗೆ ಬೀದಿಗೆಲ್ಲ ಕೇಳುವಂತೆ ಕೂಗಿತು. "ಏನಜ್ಜಿ, ನೀನೂ ಹೈಟೆಕ್ ಆಗಿಬಿಟ್ಟೆಯಲ್ಲ!" ಎಂದು ನಕ್ಕೆ. ಅವಳು ನಗಲಿಲ್ಲ. "ಇದು ಮಗಂದು. ದುಡ್ಡು ಅವನ ಅಕೌಂಟಿಗೆ ಹೋಯ್ತದೆ. ನಂಗೆ ಕಿವಿಗೆ ಬತ್ತದೆ ಕಣಮ್ಮ, ಕೈಗೆ ಬರಲ್ಲ" ಎಂದಳು.

ಆ ಮಾತು ಮನೆಯವರೆಗೂ ನನ್ನ ಬೆನ್ನು ಹತ್ತಿ ಬಂತು.

ತಂತ್ರಜ್ಞಾನವನ್ನು ಬಯ್ಯಲು ಕೂತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. 2016ರಲ್ಲಿ ಶುರುವಾದ ಯುಪಿಐ ನನಗೂ ಬಹಳ ಅನುಕೂಲ ಮಾಡಿದೆ. ಕರೆಂಟ್ ಬಿಲ್ಲಿಗೆ ಕ್ಯೂ ನಿಲ್ಲುವುದು ತಪ್ಪಿದೆ, ಬಸ್ಸಿನ ನೂಕುನುಗ್ಗಲಿನಲ್ಲಿ ಪರ್ಸು ಎದೆಗವಚಿಕೊಳ್ಳುವ ಕಷ್ಟ ತಪ್ಪಿದೆ, ಚಿಲ್ಲರೆಯ ಬದಲು ಚಾಕೊಲೇಟು ಕೊಡುವ ಅಂಗಡಿಯವನ ಕಾಟ ತಪ್ಪಿದೆ. ನನ್ನ ತಕರಾರು ಒಂದೇ. ಈ ಹೊಸ ವ್ಯವಸ್ಥೆ ಕಟ್ಟಿದವರಿಗೆ ಹೆಂಗಸರ ಸಾಸಿವೆ ಡಬ್ಬಿಯ ವಿಷಯ ಗೊತ್ತಿರಲಿಲ್ಲ.

ನನ್ನ ಅಮ್ಮನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ತಳದಲ್ಲಿ ಸದಾ ನಾಲ್ಕು ನೋಟು ಇರುತ್ತಿದ್ದವು. ತರಕಾರಿಯಲ್ಲಿ ಚೌಕಾಸಿ ಮಾಡಿ ಉಳಿಸಿದ್ದು, ಹಳೇ ಪೇಪರ್ ಮಾರಿದ್ದು, ತವರಿನವರು ಅರಿಶಿನ ಕುಂಕುಮಕ್ಕೆ ಕೊಟ್ಟದ್ದು. ಅಪ್ಪ "ಹುಡುಗಿಗೆ ಇಷ್ಟು ಓದು ಸಾಕು" ಎಂದಾಗ ನನ್ನ ಪರೀಕ್ಷೆಯ ಫೀಸು ಬಂದದ್ದು ಆ ಡಬ್ಬಿಯಿಂದ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇತ್ತಲ್ಲವೆ? ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಓದಿದ್ದು, ಎಷ್ಟೋ ಬಾಣಂತಿಯರು ಡಾಕ್ಟರ ಬಳಿ ಹೋದದ್ದು ಯಾರ ಕಣ್ಣಿಗೂ ಬೀಳದ ಆ ಹಣದಿಂದ.

ಅದಕ್ಕೆ ಮೊದಲ ಪೆಟ್ಟು ಬಿದ್ದದ್ದು 2016ರ ನವೆಂಬರ್ 8ರ ರಾತ್ರಿ. ಐನೂರು, ಸಾವಿರದ ನೋಟು ರದ್ದಾದವು. ಬೀರುವಿನ ಸೀರೆಯ ಮಡಿಕೆಗಳಲ್ಲಿ ನಾನು ಇಟ್ಟಿದ್ದ ಹನ್ನೆರಡು ಸಾವಿರವನ್ನು ತೆಗೆದು ಯಜಮಾನರ ಮುಂದೆ ಇಡಬೇಕಾಯಿತು. ಅವರು ತಮಾಷೆಗೇ ಅಂದರು, "ಅಬ್ಬಾ, ಎಷ್ಟು ಕದ್ದಿದ್ದೀಯೇ!" ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಕದ್ದದ್ದು ಎಂಬ ಆ ಪದ ಇವತ್ತಿಗೂ ಚುಚ್ಚುತ್ತದೆ. ಉಳಿಸಿದ್ದನ್ನು ಕದ್ದದ್ದು ಎನ್ನಿಸಿಕೊಂಡ ಹೆಂಗಸರು ಆ ತಿಂಗಳು ಊರೂರಿನಲ್ಲೂ ಇದ್ದರು.

ಎರಡನೆಯ ಪೆಟ್ಟು ಸದ್ದಿಲ್ಲದೆ ಬಂತು. ಮಗ ನನ್ನ ಫೋನಿಗೂ ಯುಪಿಐ ಹಾಕಿಕೊಟ್ಟ. ಜಂಟಿ ಖಾತೆ, ಯಾರು ಖರ್ಚು ಮಾಡಿದರೂ ಸಂದೇಶ ಅವರ ಫೋನಿಗೂ ಹೋಗುತ್ತದೆ. ದೊಡ್ಡಬಳ್ಳಾಪುರದಲ್ಲಿರುವ ತಂಗಿಗೆ ಕಷ್ಟವೆಂದು ಒಂದು ದಿನ ಎರಡು ಸಾವಿರ ಕಳಿಸಿದೆ. ಹೆಬ್ಬಾಳದ ಫ್ಲೈಓವರಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದವರು ಅಲ್ಲಿಂದಲೇ ಫೋನು ಮಾಡಿದರು: "ಯಾಕೆ ಕಳಿಸಿದ್ದು?" ಅವರು ಕೆಟ್ಟವರಲ್ಲ. ಹೇಳಿದ ಮೇಲೆ ಬೇಡವೆಂದೂ ಅನ್ನಲಿಲ್ಲ. ಆದರೆ ಮೂವತ್ತು ವರ್ಷ ಯಾರನ್ನೂ ಕೇಳದೆ ತಂಗಿಯ ಕೈಗೆ ತುರುಕುತ್ತಿದ್ದ ಹಣಕ್ಕೆ ಅಂದಿನಿಂದ ನಾನು ಕಾರಣ ಕೊಡಬೇಕಾಯಿತು. ಒಳ್ಳೆಯ ಗಂಡನ ಮನೆಯಲ್ಲೇ ಹೀಗೆ. ಕುಡಿದು ಬಂದು ಹೆಂಡತಿಯ ಫೋನು ಕಸಿದು ನೋಡುವವನ ಮನೆಯಲ್ಲಿ ಹೇಗಿದ್ದೀತು?

"ಗಂಡ ಹೆಂಡಿರ ಮಧ್ಯೆ ಮುಚ್ಚುಮರೆ ಏಕೆ?" ಎಂದು ಕೇಳುವವರಿದ್ದಾರೆ. ಸರಿ, ಒಪ್ಪಿದೆ. ಹಾಗಾದರೆ ಗೆಳೆಯರ ಜೊತೆ ಹೋಟೆಲಿನಲ್ಲಿ ಕೊಟ್ಟ ಬಿಲ್ಲಿನ ಸಂದೇಶ ಹೆಂಡತಿಯ ಫೋನಿಗೆ ಬರುವ ಹಾಗೆ ಎಷ್ಟು ಜನ ಗಂಡಸರು ಮಾಡಿಸಿದ್ದಾರೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಆ ಹಕ್ಕು ಅಡುಗೆಮನೆಯ ಹೊಸಿಲಿನಲ್ಲಿ ನಿಂತುಬಿಡುತ್ತದೆಯೆ?

2025ರ ಜುಲೈ ತಿಂಗಳನ್ನು ನೆನೆಸಿಕೊಳ್ಳಿ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ವರ್ಷಕ್ಕೆ ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದವರು ಜಿಎಸ್‌ಟಿಗೆ ನೋಂದಾಯಿಸಬೇಕಿತ್ತು ಎಂಬುದು ಇಲಾಖೆಯ ವಾದ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಹಲಗೆ ಮಾಯವಾಗಿ "ನಗದು ಮಾತ್ರ" ಎಂಬ ಚೀಟಿ ಬಂತು. ಮುಷ್ಕರದ ಮಾತೆದ್ದಿತು. ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಮಾತಾಡಿದರು, ಸರ್ಕಾರ ಮೆತ್ತಗಾಯಿತು. ತೆರಿಗೆ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ನಾನು ಗಮನಿಸಿದ್ದು ಇಷ್ಟು: ತನ್ನ ಲೆಕ್ಕವನ್ನು ಬೇರೆಯವರು ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ವ್ಯಾಪಾರಿ ಹಲಗೆ ಕಿತ್ತಿಟ್ಟ. ಅವನಿಗೆ ಸಂಘವಿತ್ತು. ತನ್ನ ಒಂದೊಂದು ರೂಪಾಯಿಯ ಜಾಡನ್ನೂ ಇನ್ನೊಬ್ಬರ ಫೋನಿನಲ್ಲಿ ಬಿಟ್ಟುಬರುವ ಗೃಹಿಣಿಗೆ ಯಾವ ಸಂಘವಿದೆ?

ಹೆಸರಿಗೆ ಖಾತೆ ಇದ್ದರೆ ಸಾಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಬ್ಯಾಂಕ್ ಖಾತೆ ಇದ್ದದ್ದು ದೇಶದ ನೂರಕ್ಕೆ 79 ಹೆಂಗಸರಿಗೆ. ತಾವೇ ಬಳಸುವ ಮೊಬೈಲ್ ಇದ್ದದ್ದು ನೂರಕ್ಕೆ 54 ಮಂದಿಗೆ ಮಾತ್ರ. ಫೋನಿಲ್ಲದ ಹೆಂಗಸಿನ ಖಾತೆಗೆ ಯಾರ ನಂಬರು? ಗಂಡನದೋ ಮಗನದೋ ಇರಬೇಕು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ಹಾಕಿತು. ಸಂತೋಷ. ಆದರೆ ದುಡ್ಡು ಬಂದ ಸುದ್ದಿ ಮೊದಲು ಮಗನಿಗೆ ತಿಳಿದರೆ, ಒಟಿಪಿ ಅವನಿಗೇ ಬಂದರೆ, ಯಾರು ಒಡತಿ?

ಆದ್ದರಿಂದ ಹೇಳುತ್ತೇನೆ. ನಮ್ಮ ಖಾತೆಗೆ ನಮ್ಮದೇ ನಂಬರು ಇರಲಿ. ಪಿನ್ ಸಂಖ್ಯೆ ಮಾಂಗಲ್ಯದಷ್ಟೇ ಸ್ವಂತದ್ದಾಗಲಿ. ಕೈಗೆ ನೋಟು ಕೊಡುವ, ನೋಟು ತೆಗೆದುಕೊಳ್ಳುವ ಕಿಟಕಿಯನ್ನು ಯಾವ ಬ್ಯಾಂಕೂ ಯಾವ ಅಂಗಡಿಯೂ ಮುಚ್ಚದಿರಲಿ. ನಾನು ನನ್ನೊಬ್ಬಳ ಹೆಸರಿನಲ್ಲಿ ಖಾತೆ ತೆರೆಯಲು ಹೋದಾಗ ಕೌಂಟರಿನಲ್ಲಿದ್ದ ಹುಡುಗ "ಆಂಟಿ, ಅಂಕಲ್ ನಂಬರ್ ಹೇಳಿ" ಎಂದ. "ಖಾತೆ ಅಂಕಲ್‌ದಲ್ಲಪ್ಪ" ಎಂದೆ. ಪಕ್ಕದಲ್ಲಿ ನಿಂತಿದ್ದ ಇಬ್ಬರು ಹೆಂಗಸರು ನನ್ನತ್ತ ತಿರುಗಿ ನೋಡಿದರು. ಅವರೂ ಮುಂದಿನ ಸಲ ಹಾಗೇ ಹೇಳಿಯಾರು ಎಂಬ ಆಸೆ ನನ್ನದು.

ಅಜ್ಜಿಗೂ ಹೇಳಿದೆ, "ನಿನ್ನ ಖಾತೆಗೇ ಬೇರೆ ಕೋಡು ಮಾಡಿಸೋಣ, ನಾನು ಬ್ಯಾಂಕಿಗೆ ಬರ್ತೀನಿ" ಎಂದು. "ಮಗ ಬೇಜಾರು ಮಾಡ್ಕೊಂತಾನೆ ಕಣಮ್ಮ, ನೋಡಾನ" ಎಂದಳು. ಒತ್ತಾಯ ಮಾಡಲು ನಾನು ಯಾರು? ಆದರೆ ಅಂದೇ ಒಂದು ಸತ್ಯ ಹೊಳೆಯಿತು. ಚಿಲ್ಲರೆ ಹುಡುಕುವ ಸೋಮಾರಿತನಕ್ಕೆ, ದಿನವೂ ಅವಳ ಸಂಚಿಯನ್ನು ಬರಿದು ಮಾಡಿದವರಲ್ಲಿ ನಾನೂ ಒಬ್ಬಳು. ಈಗ ದೇವಸ್ಥಾನಕ್ಕೆ ಹೊರಡುವಾಗ ಪರ್ಸಿನಲ್ಲಿ ಹತ್ತರ, ಇಪ್ಪತ್ತರ ನೋಟು ಇಟ್ಟುಕೊಳ್ಳುತ್ತೇನೆ. ಅವಳು ಅದನ್ನು ಮತ್ತೆ ಕಣ್ಣಿಗೊತ್ತಿಕೊಂಡು ಸಂಚಿಯೊಳಗೆ ಇಳಿಬಿಡುತ್ತಾಳೆ. ಪಕ್ಕದ ಪೆಟ್ಟಿಗೆ ಸುಮ್ಮನಿರುತ್ತದೆ.