ಹೆಸರು ಬೇಕು, ಜನ ಬೇಡ

ಯಾರೂ ಇಲ್ಲದ ಹುಲ್ಲುಗಾವಲಿಗೆ ರೈತರು ಬಂದರು, ರೈಲು ಬಂತು, ಊರು ಬೆಳೆಯಿತು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ರೆಡ್ ಕ್ಲೌಡ್ ಎಂಬ ಪುಟ್ಟ ಊರಿನ ಚರಿತ್ರೆಯನ್ನು ಹೀಗೆ ಹೇಳುವವರೊಂದಿಗೆ ನನ್ನ ತಕರಾರಿದೆ.

ಮೊದಲ ಮಾತೇ ಸುಳ್ಳು. ರಿಪಬ್ಲಿಕನ್ ನದಿಯ ಆ ಸೀಮೆಯಲ್ಲಿ ಪಾನೀ ಬುಡಕಟ್ಟಿನವರು ಮಣ್ಣಿನ ಮನೆ ಕಟ್ಟಿಕೊಂಡು ಮೆಕ್ಕೆಜೋಳ ಬೆಳೆಯುತ್ತಿದ್ದರು. 1833ರ ಒಪ್ಪಂದದಲ್ಲಿ ಸರ್ಕಾರ ಆ ನೆಲವನ್ನು ಬರೆಸಿಕೊಂಡಿತು. 1862ರ ಹೋಮ್‌ಸ್ಟೆಡ್ ಕಾಯ್ದೆ ಒಬ್ಬ ಒಕ್ಕಲಿಗೆ 160 ಎಕರೆ ಕೊಟ್ಟರೆ, ಬರ್ಲಿಂಗ್ಟನ್ ರೈಲು ಕಂಪನಿಗೆ ನೆಬ್ರಾಸ್ಕಾದಲ್ಲಿ 20 ಲಕ್ಷ ಎಕರೆಗೂ ಹೆಚ್ಚು ಸಿಕ್ಕಿತು. 1879ರಲ್ಲಿ ಊರಿಗೆ ರೈಲು ಬರುವಷ್ಟರಲ್ಲಿ ಪಾನೀಗಳನ್ನು ಇಂದಿನ ಒಕ್ಲಹೋಮಕ್ಕೆ ಸಾಗಹಾಕಿ ಆಗಿತ್ತು. ನೆಲ ಖಾಲಿ ಇರಲಿಲ್ಲ, ಖಾಲಿ ಮಾಡಿಸಿದರು.

ಊರಿಗಿಟ್ಟದ್ದು ಮಾತ್ರ ಲಕೋಟಾ ನಾಯಕ ರೆಡ್ ಕ್ಲೌಡ್ ಹೆಸರು. ಸೈನ್ಯದೊಂದಿಗೆ ಕಾದಾಡಿ 1868ರಲ್ಲಿ ಸರ್ಕಾರವನ್ನು ಒಪ್ಪಂದಕ್ಕೆ ಬಗ್ಗಿಸಿದವರು ಅವರು. 1909ರಲ್ಲಿ ತೀರಿಕೊಂಡದ್ದು ಪೈನ್ ರಿಡ್ಜ್ ಮೀಸಲು ಪ್ರದೇಶದಲ್ಲಿ.

ಅಲ್ಲೇ ಬೆಳೆದ ವಿಲ್ಲಾ ಕ್ಯಾಥರ್, 1918ರ ‘ಮೈ ಆಂಟೊನಿಯಾ’ ಕಾದಂಬರಿಯಲ್ಲಿ ಆ ಊರನ್ನು ಬ್ಲ್ಯಾಕ್ ಹಾಕ್ ಎಂದು ಕರೆದರು. ಅದೂ ನೆಲಕ್ಕಾಗಿ ಹೋರಾಡಿ ಸೋತ ಸಾಕ್ ನಾಯಕರೊಬ್ಬರ ಹೆಸರೇ! ಬೊಹೀಮಿಯಾದಿಂದ ವಲಸೆ ಬಂದ ಹುಡುಗಿಯ ಕಷ್ಟಕ್ಕೆ ಅಷ್ಟು ಮಿಡಿಯುವ ಕೃತಿಯಲ್ಲಿ ಮೂಲನಿವಾಸಿಗಳದೆಂದು ಉಳಿದಿರುವುದು, ಅವರು ಕುದುರೆ ಓಡಿಸುತ್ತಿದ್ದ ಜಾಗದಲ್ಲಿ ಹುಲ್ಲಿನ ಮೇಲಿನ ಒಂದು ಮಸುಕು ವೃತ್ತ.

ಕ್ಯಾಥರ್ ದೊಡ್ಡ ಲೇಖಕಿ; ನಾನೂ ಮೆಚ್ಚಿ ಓದಿದ್ದೇನೆ. ಆದರೆ ವಲಸೆ ರೈತರ ಬೆವರನ್ನು ಹೊಗಳಿ ಪುಸ್ತಕ ಮುಚ್ಚಿದರೆ ಅದು ಅರ್ಧ ಓದು. ಆ ವೃತ್ತದ ಬಳಿ ನಿಂತು ಕೇಳಬೇಕು: ಇಲ್ಲಿದ್ದವರು ತಾವಾಗಿ ಹೋದರೋ, ಅಟ್ಟಿಸಿಕೊಂಡು ಹೋದರೋ?